ಮಣ್ಣನ್ನು ಕಾಯುವವರು ಯಾರು?

ಚೆನ್ನೈಯಲ್ಲಿ ಓದುತ್ತಿರುವ ಕನ್ನಡ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಪಶ್ಚಿಮ ಮಾಂಬಲದ ಲೇಕ್ ವ್ಯೂ ರಸ್ತೆಯಲ್ಲಿಯೋ ನುಂಗಂಬಾಕ್ಕದ ಟ್ಯಾಂಕ್ ಬಂಡ್ ರಸ್ತೆಯಲ್ಲಿಯೋ ನಡೆದಾಡಿರಬಹುದು. ಮೊದಲನೆಯ ಹೆಸರಿಗೆ ಕೆರೆಯ ನೋಟವೆಂದು ಅರ್ಥ. ಎರಡನೆಯದಕ್ಕೆ ಕೆರೆಯ ಏರಿಯೆಂದು ಅರ್ಥ. ಆದರೆ ಅಲ್ಲಿ ಎಷ್ಟು ಹುಡುಕಿದರೂ ಕೆರೆಯು ಕಣ್ಣಿಗೆ ಬೀಳದು. ಹಿಂದೊಂದು ಕಾಲದಲ್ಲಿ ಮೈಲಾಪುರದ ಕೆರೆಯೂ ನುಂಗಂಬಾಕ್ಕದ ಕೆರೆಯೂ ಕೂಡಿ ಉದ್ದವಾದ ಒಂದೇ ಜಲರಾಶಿಯಾಗಿ ಅಲ್ಲಿ ಹರಡಿಕೊಂಡಿದ್ದವು. ೧೯೨೩ರ ಸುಮಾರಿಗೆ ಆ ನೀರನ್ನು ಬರಿದುಮಾಡಿ ತ್ಯಾಗರಾಯನಗರವನ್ನು ಕಟ್ಟಲು ತೊಡಗಿದರು. ಕೆರೆಯು ಹೋಯಿತು, ಕೆರೆಯ ಕೆಳಗಿನ ಗದ್ದೆಗಳು ಹೋದವು, ಬೀದಿಯ ಹೆಸರು ಮಾತ್ರ ಉಳಿಯಿತು.

ಇಂತಹ ನಗರದಲ್ಲಿ ಬೆಳೆಯುತ್ತಿರುವ ನಮಗೆ ಹೊಲದ ಮಣ್ಣಿನ ವಿಚಾರವು ದೂರದ ಮಾತಾಗಿ ತೋರುವುದು ಸಹಜ. “ಬೇಸಾಯವು ಹಳ್ಳಿಯವರಿಗೆ ಸೇರಿದುದು; ಅವರ ಮಣ್ಣನ್ನು ಅವರು ಕಾಪಾಡಿಕೊಳ್ಳಲಿ; ಅವರಿಂದ ಆಗದಿದ್ದರೆ ಸರಕಾರವಿದೆ” ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಈ ಭಾವನೆಯು ಎರಡು ಬಗೆಯಿಂದ ತಪ್ಪೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಮೊದಲನೆಯದಾಗಿ, ಹಳ್ಳಿಯ ಮಣ್ಣು ನಗರಕ್ಕೆ ದೂರವಾದುದಲ್ಲ. ಎರಡನೆಯದಾಗಿ, ಮಣ್ಣನ್ನು ಒಬ್ಬೊಬ್ಬರೇ ಕಾಯುವುದಕ್ಕೂ ಆಗುವುದಿಲ್ಲ, ಸರಕಾರವೊಂದೇ ಕಾಯುವುದಕ್ಕೂ ಆಗುವುದಿಲ್ಲ. ನೆರೆಹೊರೆಯವರು ಕೂಡಿ ನಿಂತು, ಅವರೊಳಗೆ ಒಬ್ಬನೋ ಒಬ್ಬಳೋ ಮುಂದಾಳಾದಾಗಲೇ ಅದು ಸಾಧ್ಯ.

ನಮ್ಮ ಮನೆಯ ನಲ್ಲಿಯಿಂದಲೇ ಪ್ರಾರಂಭಿಸೋಣ. ಚೆನ್ನೈಗೆ ಬರುವ ನೀರಿನಲ್ಲಿ ಕೃಷ್ಣಾ ನದಿಯ ನೀರೂ ಒಂದು ಪಾಲು. ಈ ನಗರದ ಬಾಯಾರಿಕೆಗಾಗಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರಪ್ರದೇಶಗಳು ತಮ್ಮ ತಮ್ಮ ಪಾಲಿನಿಂದ ತಲಾ ೫ ಟಿ.ಎಂ.ಸಿ. ಅಡಿ ನೀರನ್ನು ಬಿಟ್ಟುಕೊಡಲು ೧೯೭೬ರಲ್ಲಿ ಒಪ್ಪಿದವು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಆ ನೀರು ಶ್ರೀಶೈಲದ ಜಲಾಶಯದಿಂದ ಹೊರಟು, ಸೋಮಶಿಲ ಮತ್ತು ಕಂಡಲೇರುಗಳನ್ನು ಹಾಯ್ದು, ಕಾಲುವೆಯ ಮೂಲಕ ಪೂಂಡಿಗೆ ಬರುತ್ತದೆ. ೧೯೯೬ರಲ್ಲಿ ಅದು ಮೊದಲ ಬಾರಿಗೆ ಪೂಂಡಿಯನ್ನು ಮುಟ್ಟಿತು. ಶ್ರೀಶೈಲಕ್ಕಿಂತ ಮೇಲೆಯೇ ನಮ್ಮ ತುಂಗಭದ್ರೆಯು ಕೃಷ್ಣೆಯನ್ನು ಕೂಡುವಳು. ಆದಕಾರಣ ಶಿವಮೊಗ್ಗ, ದಾವಣಗೆರೆ, ಹಾವೇರಿ ಸೀಮೆಯ ಹೊಲಗಳ ಮೇಲೆ ಸುರಿದ ಮಳೆಯ ಒಂದಿಷ್ಟು ಹನಿಗಳು ಈ ನಗರದ ಲೋಟಗಳಿಗೂ ಬರುತ್ತವೆ ಎಂದರೆ ಅತಿಶಯೋಕ್ತಿಯಲ್ಲ.

ಆದರೆ ಆ ಹೊಲಗಳಿಂದ ನೀರು ಮಾತ್ರವೇ ಹರಿದು ಬರುತ್ತಿಲ್ಲ. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದಲ್ಲಿ ೧೯೫೩ರಲ್ಲಿ ನೀರು ನಿಲ್ಲಿಸಿದಾಗ ಅದಕ್ಕೆ ಸುಮಾರು ೧೩೩ ಟಿ.ಎಂ.ಸಿ. ನೀರನ್ನು ಹಿಡಿಯುವ ಶಕ್ತಿಯಿತ್ತು. ೨೦೧೬ರಲ್ಲಿ ಅಳೆದು ನೋಡಿದಾಗ ಅದು ೧೦೬ ಟಿ.ಎಂ.ಸಿ.ಗಿಂತಲೂ ಕಡಮೆಯಾಗಿತ್ತು. ಉಳಿದ ಸ್ಥಳವನ್ನೆಲ್ಲ ಹೂಳು ಆಕ್ರಮಿಸಿತ್ತು. ಚೆನ್ನೈಯ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಎಂಬ ನಾಲ್ಕು ಜಲಾಶಯಗಳೂ ತುಂಬಿ ತುಳುಕಿದರೆ ಅವುಗಳಲ್ಲಿ ನಿಲ್ಲುವ ನೀರು ಒಟ್ಟು ಸುಮಾರು ೧೧ ಟಿ.ಎಂ.ಸಿ. ಮಾತ್ರ. ಅಂದರೆ ಈ ನಗರದ ನಾಲ್ಕು ಜಲಾಶಯಗಳನ್ನು ಎರಡು ಬಾರಿ ತುಂಬಿಸಿಯೂ ಮಿಗುವಷ್ಟು ನೀರಿನ ಎಡೆಯಲ್ಲಿ ಇಂದು ಮಣ್ಣು ಮಲಗಿದೆ! ಹೊಲಗಳ, ಬೋಳು ಗುಡ್ಡಗಳ, ಗಣಿಗಳ ಮಣ್ಣು ಅದು. ೨೦೧೯ರ ಬೇಸಗೆಯಲ್ಲಿ ಚೆನ್ನೈಯ ಕೆರೆಗಳು ಬತ್ತಿ, ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರನ್ನು ತರಿಸಿದುದನ್ನು ಕಂಡವರು ಒಂದೊಂದು ಟಿ.ಎಂ.ಸಿ.ಯ ಬೆಲೆಯನ್ನು ಬಲ್ಲರು.

ಮಣ್ಣು ಹೇಗೆ ಹೋಗುತ್ತದೆ? ಬರಿಯ ನೆಲದ ಮೇಲೆ ರಭಸದಿಂದ ಬಿದ್ದ ಮಳೆಯ ಹನಿಯು ಮೊದಲು ಮಣ್ಣಿನ ಹೆಂಟೆಯನ್ನು ಒಡೆದು ಪುಡಿಮಾಡುತ್ತದೆ. ಆ ನುಣುಪಾದ ಪುಡಿಯು ನೆಲದ ರಂಧ್ರಗಳನ್ನು ಮುಚ್ಚುತ್ತದೆ. ಇಳಿಯಲು ದಾರಿಯಿಲ್ಲದ ನೀರು ಇಳಿಜಾರಿನಲ್ಲಿ ಓಡತೊಡಗುತ್ತದೆ. ಓಡುತ್ತಾ ಮೇಲ್ಮಣ್ಣನ್ನು ಹೊತ್ತೊಯ್ಯುತ್ತದೆ. ಮೊದಲು ಬೆರಳಿನಗಲದ ಗೆರೆ, ಆಮೇಲೆ ಮೊಳದಗಲದ ಕಾಲುವೆ, ಕೊನೆಗೆ ಎತ್ತೂ ದಾಟಲಾರದ ಕೊರಕಲು! ಹೋಗುವುದು ಯಾವ ಮಣ್ಣು? ಸೊಪ್ಪುಸದೆ ಕೊಳೆತು, ಎರೆಹುಳು ತಿರುವಿ, ಸಾರವೆಲ್ಲ ಕೂಡಿಕೊಂಡಿರುವ ಮೇಲಿನ ಕೆಲವೇ ಅಂಗುಲಗಳ ಮಣ್ಣು. ಅಂತಹ ಒಂದು ಅಂಗುಲ ಮಣ್ಣು ಕಲ್ಲಿನಿಂದ ಹೊಸದಾಗಿ ಹುಟ್ಟಬೇಕಾದರೆ ನೂರಾರು ವರ್ಷಗಳು ಬೇಕು. ಅದನ್ನು ಕಳೆದುಕೊಳ್ಳಲು ಕೆಲವು ಜಡಿಮಳೆಗಳು ಸಾಕು. ಭಾರತದಲ್ಲಿ ವರ್ಷಕ್ಕೆ ಸುಮಾರು ೫೩೩ ಕೋಟಿ ಟನ್ನು ಮಣ್ಣು ತನ್ನ ಸ್ಥಾನವನ್ನು ಬಿಟ್ಟು ಹೋಗುತ್ತದೆಂದು ಧ್ರುವನಾರಾಯಣ ಮತ್ತು ರಾಮಬಾಬು ಎಂಬ ವಿಜ್ಞಾನಿಗಳು ೧೯೮೩ರಲ್ಲಿ ಲೆಕ್ಕ ಹಾಕಿದರು. ಎಲ್ಲ ನೆಲಕ್ಕೂ ಹಂಚಿದರೆ ಹೆಕ್ಟೇರಿಗೆ ೧೬ ಟನ್ನಿಗೂ ಹೆಚ್ಚು. ಅದರಲ್ಲಿ ನೂರಕ್ಕೆ ೨೯ ಭಾಗವು ಸಮುದ್ರವನ್ನು ಸೇರುತ್ತದೆ. ೧೦ ಭಾಗವು ಜಲಾಶಯಗಳಲ್ಲಿ ಹೂಳಾಗಿ ನಿಲ್ಲುತ್ತದೆ.

ಈ ಅಂಕಿಗಳು ಬಹಳ ದೊಡ್ಡವು. ದೊಡ್ಡ ಅಂಕಿಗಳು ಮನಸ್ಸಿಗೆ ಬೇಗನೆ ನಾಟುವುದಿಲ್ಲ. ನನಗೆ ಈ ವಿಷಯವು ನಾಟಿದುದು ಅಂಕಿಯಿಂದಲ್ಲ, ಒಬ್ಬ ಹೆಂಗಸು ಕೇಳಿದ ಪ್ರಶ್ನೆಯಿಂದ. ನಮ್ಮ ಪೂರ್ವಿಕರ ಊರು ಕೋಲಾರ ಜಿಲ್ಲೆಯ ಒಂದು ಚಿಕ್ಕ ಹಳ್ಳಿ. ಊರಿನ ಪಡುವಣ ದಿಕ್ಕಿನ ಕೆಮ್ಮಣ್ಣಿನ ಇಳಿಜಾರಿನಲ್ಲಿ ಒಂದರ ಕೆಳಗೊಂದರಂತೆ ಏಳು ಮನೆಯವರ ಹೊಲಗಳಿವೆ. ಎಲ್ಲಕ್ಕೂ ಮೇಲಿನದು ನಮ್ಮದು. ಎಲ್ಲಕ್ಕೂ ಕೆಳಗಿನದು ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಿನ ಒಂದೆಕರೆ. ನಮ್ಮ ತಂದೆಯವರು ಉದ್ಯೋಗಕ್ಕಾಗಿ ಈ ನಗರಕ್ಕೆ ಬಂದು ನೆಲೆಸಿದ ಮೇಲೆ ನಮ್ಮ ಹೊಲವನ್ನು ವಾರಕ್ಕೆ ಕೊಡಲಾಗಿತ್ತು. ವಾರಕ್ಕೆ ಮಾಡುವವನು ವರ್ಷವರ್ಷಕ್ಕೂ ಬದಲಾಗುತ್ತಿದ್ದನು. ಬೆಳೆಯಲ್ಲಿ ಪಾಲು ಬರುತ್ತಿತ್ತು; ಹೊಲದ ಬದು ಹೇಗಿದೆಯೆಂದು ಕೇಳಿದವರಿಲ್ಲ.

ಸುಮಾರು ಮೂವತ್ತು ವರ್ಷಗಳ ಹಿಂದೆ, ನವರಾತ್ರಿಯ ರಜೆಯಲ್ಲಿ, ತಂದೆಯವರೊಡನೆ ನಾನು ಬಂಗಾರಪೇಟೆಯಲ್ಲಿ ರೈಲಿನಿಂದ ಇಳಿದು ಊರಿಗೆ ಹೋದೆನು. ಎರಡು ದಿನಗಳ ಹಿಂದೆ ಅಲ್ಲಿ ಭಾರಿ ಮಳೆಯಾಗಿತ್ತು. ಮೇಲಿನ ಹೊಲದಲ್ಲಿ ಹೆಗ್ಗಣದ ಬಿಲಗಳಿಂದ ಸಡಿಲಗೊಂಡಿದ್ದ ನಮ್ಮ ಬದು ಮೊದಲು ಒಡೆದಿತ್ತು. ಅದರ ನೀರೆಲ್ಲ ಒಮ್ಮೆಲೇ ನುಗ್ಗಿ ಎರಡನೆಯ ಹೊಲದ ಬದುವನ್ನು ಒಡೆಯಿತು. ಎರಡರ ನೀರೂ ಕೂಡಿ ಮೂರನೆಯದನ್ನು ಒಡೆಯಿತು. ಹೀಗೆ ಬಲಗೊಳ್ಳುತ್ತ ಬಂದ ಪ್ರವಾಹವು ಆ ಹೆಂಗಸಿನ ಒಂದೆಕರೆಯಲ್ಲಿ ತೆನೆ ಹೊತ್ತು ನಿಂತಿದ್ದ ರಾಗಿಯ ಮೇಲೆ ಮೊಳದುದ್ದ ಗರಸನ್ನು ತಂದು ಸುರಿದಿತ್ತು. ಆಕೆಯು ಅಳಲಿಲ್ಲ, ಬೈಯಲೂ ಇಲ್ಲ. ತಂದೆಯವರ ಮುಂದೆ ನಿಂತು, “ನನ್ನ ಬದು ನಾನು ಕಟ್ಟಿಕೊಂಡಿದ್ದೆ ಅಣ್ಣಾ. ನಿಮ್ಮ ಬದು ಕಟ್ಟೋರು ಯಾರು?” ಎಂದಳು. ತಂದೆಯವರು ಉತ್ತರ ಕೊಡಲಾರದೆ ನೆಲವನ್ನು ನೋಡುತ್ತ ನಿಂತರು. ಅವರು ಯಾರ ಹೊಲಕ್ಕೂ ಕೇಡನ್ನು ಬಯಸಿದವರಲ್ಲ. ಆದರೂ ಕೇಡು ನಮ್ಮ ಹೊಲದಿಂದಲೇ ಹೊರಟಿತ್ತು.

ಮಣ್ಣಿನ ರಕ್ಷಣೆಯ ತೊಡಕೆಲ್ಲ ಆ ಒಂದು ಪ್ರಶ್ನೆಯಲ್ಲಿ ಅಡಗಿದೆ. ಹೊಲದ ಗಡಿಯನ್ನು ದಾಖಲೆಯು ಬಲ್ಲದು, ನೀರು ಅರಿಯದು. ನೀರಿಗೆ ಏಳು ಹೊಲಗಳೂ ಸೇರಿ ಒಂದೇ ಇಳಿಜಾರು. ಆರು ಜನ ಶ್ರದ್ಧೆಯಿಂದ ದುಡಿದು, ಏಳನೆಯವನು ಮೈಮರೆತರೆ ಆರು ಜನರ ದುಡಿಮೆಯೂ ಒಂದು ರಾತ್ರಿಯಲ್ಲಿ ಕೊಚ್ಚಿಹೋಗುತ್ತದೆ. “ನನ್ನ ಹೊಲ, ನನ್ನ ಇಷ್ಟ” ಎಂಬ ಮಾತು ಬಿತ್ತುವ ಬೀಜಕ್ಕೆ ಒಪ್ಪಬಹುದು. ಇಳಿಜಾರಿನ ಬದುವಿಗೆ ಒಪ್ಪುವುದಿಲ್ಲ.

ಹಾಗಾದರೆ ಸರಕಾರವೇ ಎಲ್ಲರ ಬದುಗಳನ್ನೂ ಕಟ್ಟಿಸಬಾರದೇಕೆ? ಈ ಪ್ರಯತ್ನವೂ ನಡೆದಿದೆ. ವಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ೧೯೪೨ರಲ್ಲಿ, ಭೂಸುಧಾರಣೆಯ ಯೋಜನೆಗಳಿಗಾಗಿ ಒಂದು ಕಾಯಿದೆಯಾಯಿತು. ಅಧಿಕಾರಿಗಳು ಮಟ್ಟವನ್ನು ಅಳೆದು ಸಮಪಾತಳಿಯ ಒಡ್ಡುಗಳನ್ನು ಹಾಕಿಸಿದರು. ಕೆಲಸವು ದೊಡ್ಡದು, ಉದ್ದೇಶವು ಒಳ್ಳೆಯದು. ಆದರೆ ಆ ಒಡ್ಡುಗಳು ನೆಲದ ಮಟ್ಟವನ್ನು ಅನುಸರಿಸಿ ಓರೆಯಾಗಿ ಹಾಯ್ದವೇ ಹೊರತು ಹೊಲದ ಗಡಿಯನ್ನು ಅನುಸರಿಸಲಿಲ್ಲ. ಕೆಲವರ ಹೊಲವು ಎರಡು ತುಂಡಾಯಿತು. ಕೂರಿಗೆಯನ್ನು ತಿರುಗಿಸಲು ಎಡೆಯಿಲ್ಲದಾಯಿತು. ಒಡ್ಡು ತಮ್ಮದೆಂದು ರೈತರಿಗೆ ಅನಿಸಲಿಲ್ಲ. ಇಂತಹ ಒಡ್ಡುಗಳನ್ನು ಹಲವೆಡೆ ರೈತರೇ ಉತ್ತು ಸಮಮಾಡಿದರು; ಉಳಿದವು ದುರಸ್ತಿಯಿಲ್ಲದೆ ಹಾಳಾದವು. ಇದನ್ನು ರೈತರ ಅಜ್ಞಾನವೆಂದು ಕರೆಯುವುದು ಸುಲಭ, ಆದರೆ ನ್ಯಾಯವಲ್ಲ. ಅವರನ್ನು ಕೇಳದೆ ಅವರ ನೆಲದಲ್ಲಿ ಮಾಡಿದ ಕೆಲಸವನ್ನು ಅವರು ತಮ್ಮದೆಂದು ಕಾಯಬೇಕೆಂದರೆ ಹೇಗೆ?

ಈ ವಿಷಯದಲ್ಲಿ ವಿಜ್ಞಾನವೂ ನೆರೆಹೊರೆಯವರ ಒಪ್ಪಂದವನ್ನೇ ಬೇಡುತ್ತದೆ. ಬಳ್ಳಾರಿಯಲ್ಲಿ ೧೯೫೪ರಲ್ಲಿ ಮಣ್ಣು ಸಂರಕ್ಷಣೆಯ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ಅದೇ ವರ್ಷ ನಮ್ಮ ತಮಿಳುನಾಡಿನ ಉದಕಮಂಡಲದಲ್ಲಿಯೂ ಒಂದು ಕೇಂದ್ರವು ಪ್ರಾರಂಭವಾಯಿತು. ಎರೆಭೂಮಿಯ ಗುಣವು ವಿಚಿತ್ರವಾದುದು. ಒಣಗಿದಾಗ ಅದು ಕೈ ತೂರುವಷ್ಟು ಬಿರಿಯುತ್ತದೆ. ನೆನೆದಾಗ ನೀರನ್ನು ಒಳಕ್ಕೆ ಬಿಡದೆ ಅಂಟಾಗುತ್ತದೆ. ಆದ್ದರಿಂದ ಅಲ್ಲಿ ನೀರನ್ನು ಪೂರ್ತಿಯಾಗಿ ತಡೆದು ನಿಲ್ಲಿಸುವ ಒಡ್ಡು ಬಿರುಕುಗಳಲ್ಲಿ ಸೋರಿ ಒಡೆಯುತ್ತದೆ. ನಿಂತ ನೀರಿನಲ್ಲಿ ಪೈರೂ ಕೊಳೆಯುತ್ತದೆ. ಅಂತಹ ಭೂಮಿಯಲ್ಲಿ ಒಡ್ಡಿಗೆ ತುಸು ಇಳುಕಲನ್ನು ಕೊಟ್ಟು, ಹೆಚ್ಚಿನ ನೀರನ್ನು ಹುಲ್ಲು ಬೆಳೆದ ಕಾಲುವೆಯ ಮೂಲಕ ಮೆಲ್ಲಗೆ ಹಳ್ಳಕ್ಕೆ ಸಾಗಿಸಬೇಕು. ಆ ಕಾಲುವೆಯು ಯಾರ ಹೊಲದಲ್ಲಿ ಹಾಯಬೇಕು? ಯಾರೋ ಒಬ್ಬರು ತಮ್ಮ ನೆಲದ ಅಂಚನ್ನು ಬಿಟ್ಟುಕೊಡಬೇಕು. ಇದನ್ನು ಮಟ್ಟ ಅಳೆಯುವ ಉಪಕರಣವು ತೀರ್ಮಾನಿಸಲಾರದು. ಊರಿನ ಕಟ್ಟೆಯ ಮೇಲೆ ಕುಳಿತು ಮಾತನಾಡಿ ತೀರ್ಮಾನಿಸಬೇಕು.

ಇಂತಹ ತೀರ್ಮಾನವು ನ್ಯಾಯವಾಗಿದ್ದರೆ ಮಾತ್ರ ನಿಲ್ಲುತ್ತದೆಂಬುದಕ್ಕೆ ಹರಿಯಾಣದ ಸುಖೋಮಾಜ್ರಿ ಎಂಬ ಹಳ್ಳಿಯು ಸಾಕ್ಷಿ. ಚಂಡೀಗಡ ನಗರಕ್ಕಾಗಿ ೧೯೫೮ರಲ್ಲಿ ಸುಖ್ನಾ ಎಂಬ ಸರೋವರವನ್ನು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದರ ಬಹುಭಾಗ ಹೂಳಿನಿಂದ ತುಂಬತೊಡಗಿತು. ಅಲ್ಲಿಯ ಮಣ್ಣು ಸಂರಕ್ಷಣಾ ಕೇಂದ್ರದ ಪಿ. ಆರ್. ಮಿಶ್ರರು ಹೂಳಿನ ಜಾಡನ್ನು ಹಿಡಿದು ಮೇಲಕ್ಕೆ ಹೋದಾಗ, ಬಡವರ ಆಡುಗಳು ಮೇದು ಬೋಳಾದ ಗುಡ್ಡಗಳೂ ಅವುಗಳ ಬುಡದಲ್ಲಿ ಈ ಹಳ್ಳಿಯೂ ಕಂಡವು. ಆಡುಗಳನ್ನು ಬಿಡಬೇಡಿರೆಂದು ಆಜ್ಞೆ ಮಾಡಿದರೆ ಹೊಟ್ಟೆಗೆ ಏನು ಗತಿ? ೧೯೭೬ರಿಂದ ಅಲ್ಲಿ ಚಿಕ್ಕ ಚಿಕ್ಕ ಮಣ್ಣಿನ ಕಟ್ಟೆಗಳನ್ನು ಕಟ್ಟಿ ಮಳೆಯ ನೀರನ್ನು ಹಿಡಿದರು. ಆ ನೀರು ಜಮೀನುದಾರರಿಗೆ ಮಾತ್ರವೆಂದಿದ್ದರೆ, ಜಮೀನಿಲ್ಲದವನು ತನ್ನ ಆಡುಗಳನ್ನು ಗುಡ್ಡದಿಂದ ಹಿಂದಕ್ಕೆ ಕರೆಯಬೇಕಾದ ಕಾರಣವೇನು? ಆದಕಾರಣ ಭೂಮಿ ಇರಲಿ ಇಲ್ಲದಿರಲಿ, ಪ್ರತಿಯೊಂದು ಕುಟುಂಬಕ್ಕೂ ನೀರಿನಲ್ಲಿ ಸಮಪಾಲೆಂದು ಹಳ್ಳಿಯವರು ಗೊತ್ತುಮಾಡಿಕೊಂಡರು. ಬೇಡದವರು ತಮ್ಮ ಪಾಲನ್ನು ಮಾರಬಹುದಾಗಿತ್ತು. ಆಮೇಲೆ ಗುಡ್ಡಕ್ಕೆ ಮುಳ್ಳಿನ ಬೇಲಿಯೇ ಬೇಕಾಗಲಿಲ್ಲ. ಎಲ್ಲರ ಒಪ್ಪಿಗೆಯೇ ಬೇಲಿಯಾಯಿತು. ಹುಲ್ಲು ಚಿಗುರಿತು, ಮರ ಬೆಳೆಯಿತು, ಕೆಳಗಿಳಿಯುವ ಹೂಳು ಕಡಮೆಯಾಯಿತು. ಯಾರಿಂದ ತ್ಯಾಗವನ್ನು ಬೇಡುತ್ತೇವೆಯೋ ಅವರಿಗೆ ಫಲದಲ್ಲಿಯೂ ಪಾಲನ್ನು ಕೊಡಬೇಕೆಂಬ ಪಾಠವನ್ನು ಸುಖೋಮಾಜ್ರಿಯು ಕಲಿಸಿತು.

ಹೊರದೇಶದ ಒಂದು ಉದಾಹರಣೆಯನ್ನೂ ನೋಡಬಹುದು. ೧೯೩೦ರ ದಶಕದಲ್ಲಿ ಅಮೆರಿಕದ ಬಯಲುನಾಡಿನಲ್ಲಿ ಹುಲ್ಲುಗಾವಲುಗಳನ್ನು ಮಿತಿಮೀರಿ ಉತ್ತುದರ ಫಲವಾಗಿ, ಬರಗಾಲ ಬಂದಾಗ ಮಣ್ಣು ಧೂಳಾಗಿ ಎದ್ದು ಹಗಲನ್ನು ಕತ್ತಲೆಮಾಡಿತು. ಹ್ಯೂ ಬೆನೆಟ್ ಎಂಬ ಮಣ್ಣಿನ ವಿಜ್ಞಾನಿಯ ಒತ್ತಾಯದಿಂದ ೧೯೩೫ರಲ್ಲಿ ಅಲ್ಲಿಯ ಸರಕಾರವು ಮಣ್ಣು ಸಂರಕ್ಷಣೆಗೆಂದೇ ಒಂದು ಇಲಾಖೆಯನ್ನು ಏರ್ಪಡಿಸಿತು. ಅಷ್ಟು ಬಲಿಷ್ಠವಾದ ಸರಕಾರವೂ ಇಲಾಖೆಯೊಂದರಿಂದಲೇ ಕೆಲಸವಾಗದೆಂಬುದನ್ನು ಎರಡೇ ವರ್ಷಗಳಲ್ಲಿ ಕಂಡುಕೊಂಡಿತು. ೧೯೩೭ರಲ್ಲಿ ಸ್ಥಳೀಯ ರೈತರೇ ನಡೆಸುವ ಮಣ್ಣು ಸಂರಕ್ಷಣಾ ಮಂಡಲಿಗಳಿಗಾಗಿ ಮಾದರಿ ಕಾನೂನನ್ನು ರಾಜ್ಯಗಳಿಗೆ ಕಳುಹಿಸಲಾಯಿತು. ಅಂದು ಹುಟ್ಟಿದ ಮಂಡಲಿಗಳು ಇಂದು ಅಲ್ಲಿ ಸುಮಾರು ಮೂರು ಸಾವಿರ ಇವೆ.

ಇದೇನೂ ನಮ್ಮ ನಾಡಿಗೆ ಹೊಸ ವಿಚಾರವಲ್ಲ. ಚೆನ್ನೈಯಿಂದ ಅರ್ಧ ದಿನದಲ್ಲಿ ಹೋಗಿಬರಬಹುದಾದ ಉತ್ತರಮೇರೂರಿನಲ್ಲಿ ಒಂದನೆಯ ಪರಾಂತಕ ಚೋಳನ ಕಾಲದ, ಕ್ರಿ. ಶ. ೯೨೧ರ ಶಾಸನವೊಂದಿದೆ. ಊರಿನ ಸಭೆಯು ಚೀಟಿ ಎತ್ತಿ ಸಮಿತಿಗಳನ್ನು ಆರಿಸುವ ಕ್ರಮವನ್ನು ಅದು ವಿವರಿಸುತ್ತದೆ. ಅದರಲ್ಲಿ ಕೆರೆಯನ್ನು ನೋಡಿಕೊಳ್ಳಲು ೬ ಜನರ ಸಮಿತಿಯೊಂದು ಪ್ರತ್ಯೇಕವಾಗಿತ್ತು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕವನ್ನು ಒಪ್ಪಿಸದವನ ಹೆಸರನ್ನು ಚೀಟಿಯಲ್ಲಿ ಬರೆಯುವಂತೆಯೇ ಇರಲಿಲ್ಲ! ಆ ಸಭೆಯಲ್ಲಿ ಹೆಂಗಸರಿಗೂ ಭೂಮಿಯಿಲ್ಲದವರಿಗೂ ಸ್ಥಾನವಿರಲಿಲ್ಲವೆಂಬುದನ್ನು ಮರೆಯಬಾರದು. ಆ ಕೊರತೆಯನ್ನು ನಾವು ಮತ್ತೆ ತರಬೇಕಾಗಿಲ್ಲ. ಆದರೆ ಸಾರ್ವಜನಿಕ ಕಾರ್ಯಕ್ಕೆ ನಿಂತವನು ಲೆಕ್ಕ ಕೊಡಬೇಕೆಂಬ ನಿಯಮವನ್ನು ಸಾವಿರ ವರ್ಷಗಳಾದ ಮೇಲೂ ನಾವು ಕಲಿಯಬೇಕಾಗಿದೆ.

ಕನ್ನಡನಾಡಿನಲ್ಲಿ ೩೬,೦೦೦ಕ್ಕೂ ಹೆಚ್ಚು ಕೆರೆಗಳಿವೆ. ಅವುಗಳ ತೂಬನ್ನು ತೆರೆದು ಮುಚ್ಚಿ, ಮೇಲಿನ ಗದ್ದೆಗೂ ಕೊನೆಯ ಗದ್ದೆಗೂ ನೀರನ್ನು ಸರದಿಯಂತೆ ಹಂಚುತ್ತಿದ್ದವನು ನೀರುಗಂಟಿ. ಅನೇಕ ಊರುಗಳಲ್ಲಿ ಅವನಿಗೆ ಸ್ವಂತ ಭೂಮಿ ಅಲ್ಪ, ಸಮಾಜದಲ್ಲಿ ಸ್ಥಾನವೂ ಅಲ್ಪ. ಆದರೂ ನೀರಿನ ವಿಷಯದಲ್ಲಿ ಊರಿನ ದೊಡ್ಡವರೂ ಅವನ ಮಾತಿಗೆ ಕಟ್ಟುಬೀಳುತ್ತಿದ್ದರು. ಬೇಸಗೆಯಲ್ಲಿ ಕೆರೆಯ ಗೋಡನ್ನು ಬಂಡಿಗಳಲ್ಲಿ ಹೊಲಗಳಿಗೆ ಹೊಡೆಯುವ ವಾಡಿಕೆಯೂ ಇತ್ತು. ಇದರಿಂದ ಕೆರೆಯ ಹೂಳು ಹೋಗುತ್ತಿತ್ತು. ಹೊಲದಿಂದ ಹರಿದು ಹೋಗಿದ್ದ ಸಾರವು ಹೊಲಕ್ಕೆ ಮರಳುತ್ತಿತ್ತು.

ಮತ್ತೊಂದು ಸಂಗತಿಯಿದೆ, ಇದು ಚೆನ್ನೈಯ ಮಕ್ಕಳಿಗೆ ಬಹಳ ಹತ್ತಿರದ್ದು. ಬೇಸಗೆಯಲ್ಲಿ ಇಲ್ಲಿಯ ಮನೆಗಳಲ್ಲಿ ಕುಡಿಯುವ ನೀರಿನ ಮಡಕೆಗೆ ಪರಿಮಳಕ್ಕಾಗಿ ಒಂದು ಬೇರನ್ನು ಹಾಕುವರಷ್ಟೆ. ತಮಿಳಿನಲ್ಲಿ ಅದು ವೆಟ್ಟಿವೇರ್. ನಮ್ಮ ಭಾಷೆಯಲ್ಲಿ ಲಾವಂಚ. ತಮಿಳುನಾಡಿನ ಗಡಿಗೆ ಸೇರಿದ ಗುಂಡ್ಲುಪೇಟೆಯ ಕಡೆಯ ರೈತರು ಬಹಳ ಹಿಂದಿನಿಂದಲೂ ಹೊಲಗಳ ಗಡಿಯಲ್ಲಿ ಇದನ್ನು ಸಾಲಾಗಿ ಬೆಳೆಸಿಕೊಂಡು ಬಂದಿದ್ದಾರೆ. ಇದರ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಬಹಳ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಪಕ್ಕದ ಪೈರಿಗೆ ತೊಂದರೆಯಿಲ್ಲ. ಮೇಲಿನ ಹುಲ್ಲು ಒತ್ತಾಗಿ ನಿಂತು ಓಡುವ ನೀರಿನ ವೇಗವನ್ನು ತಗ್ಗಿಸುತ್ತದೆ. ನೀರು ಸೋಸಿ ಮುಂದೆ ಹೋಗುತ್ತದೆ, ಮಣ್ಣು ಹಿಂದೆ ನಿಲ್ಲುತ್ತದೆ. ಆದರೆ ಪರಿಮಳದ ಆಸೆಯಿಂದ ಗಡಿಯ ಲಾವಂಚವನ್ನು ಅಗೆದು ಮಾರಿದರೆ ಅಲ್ಲಿಯೇ ಕೊರಕಲು ಬೀಳುವುದು. ಎರಡು ಹೊಲಗಳ ನಡುವೆ ನಿಂತ ಆ ಹುಲ್ಲಿನ ಸಾಲನ್ನು ಇಬ್ಬರೂ ಕಾಯಬೇಕು; ಒಬ್ಬನು ಅಗೆದರೂ ಇಬ್ಬರಿಗೂ ನಷ್ಟ.

ಇಲ್ಲಿ ಮುಂದಾಳುತನವೆಂದರೆ ಏನೆಂಬುದನ್ನು ಸ್ಪಷ್ಟಮಾಡಿಕೊಳ್ಳುವುದು ಅವಶ್ಯಕ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಿದ್ದವರು. ಕುರಿಗಳಿಂದ ಬಂದ ಹಣವನ್ನು ಖರ್ಚುಮಾಡಿ, ಊರಿನ ಬಳಿಯ ಬೆಟ್ಟದಲ್ಲಿ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ತೋಡಿಸಿ, ಪಶುಪಕ್ಷಿಗಳಿಗೆ ನೀರನ್ನು ಒದಗಿಸಿದರು. ೨೦೨೦ರಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ಅವರನ್ನು ಹೊಗಳಿದರು. ೨೦೨೨ರಲ್ಲಿ ಅವರು ತೀರಿಕೊಂಡರು. ಇಂತಹ ಪುಣ್ಯಜೀವಿಗೆ ನಾವು ತಲೆಬಾಗಲೇಬೇಕು. ಆದರೆ ತಲೆಬಾಗಿ ಮನೆಗೆ ಹೋದರೆ ಸಾಲದು. ಕಟ್ಟೆಗೆ ಪ್ರತಿವರ್ಷವೂ ಹೂಳು ಬರುತ್ತದೆ. ಕಟ್ಟಿದವರು ಹೋದ ಮೇಲೆ ಅದನ್ನು ಎತ್ತುವವರು ಯಾರು? ಒಬ್ಬ ಮಹಾಪುರುಷನನ್ನು ಮೆಚ್ಚುವ ನೆಪದಲ್ಲಿ ನಮ್ಮ ಕರ್ತವ್ಯವನ್ನೆಲ್ಲ ಅವನ ಹೆಗಲಿಗೆ ಹೊರಿಸಿ ನಾವು ಹಗುರಾಗುವ ಚಾಳಿ ನಮ್ಮಲ್ಲಿದೆ. ನಿಜವಾದ ಮುಂದಾಳು ತಾನಿಲ್ಲದಾಗಲೂ ಕೆಲಸವು ನಡೆಯುವಂತೆ ಊರನ್ನು ಅಣಿಗೊಳಿಸುವನು.

ಈ ನಂಬಿಕೆಯ ಮೇಲೆಯೇ ಕರ್ನಾಟಕದಲ್ಲಿ ೨೦೦೧ರಿಂದ ೨೦೦೯ರವರೆಗೆ ಸುಜಲ ಎಂಬ ಜಲಾನಯನ ಯೋಜನೆಯು ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಒಂದೇ ಇಳಿಜಾರಿನ ರೈತರು ಗುಂಪುಗೂಡಿ ಯಾವ ಹೊಲಕ್ಕೆ ಏನು ಬೇಕೆಂದು ತಾವೇ ಯೋಚಿಸಿದರು. ವೆಚ್ಚದಲ್ಲಿ ಒಂದು ಪಾಲನ್ನು ಹೊತ್ತರು. ಹೆಂಗಸರೂ ಭೂಮಿಯಿಲ್ಲದವರೂ ಸಂಘಗಳಲ್ಲಿ ಸೇರಿದರು. ಸಂವಿಧಾನದ ೭೩ನೆಯ ತಿದ್ದುಪಡಿಯು ಸೇರಿಸಿದ ಹನ್ನೊಂದನೆಯ ಅನುಸೂಚಿಯೂ ಮಣ್ಣು ಸಂರಕ್ಷಣೆಯನ್ನು ಪಂಚಾಯತಿಗಳಿಗೆ ವಹಿಸಿಕೊಡಬಹುದಾದ ವಿಷಯಗಳಲ್ಲಿ ಎಣಿಸಿದೆ. ಯೋಜನೆಗಳಿಗೆ ಅವಧಿಯಿರುತ್ತದೆ; ಅವಧಿ ಮುಗಿದೊಡನೆ ಅಧಿಕಾರಿಗಳು ಹೋಗುತ್ತಾರೆ. ಮಳೆಗೆ ಅವಧಿಯಿಲ್ಲ. ಆಗ ಉಳಿಯುವವರು ಊರಿನವರೇ.

ನಮ್ಮ ಊರಿನ ಕಥೆಯ ಕೊನೆಯನ್ನು ಇನ್ನೂ ಹೇಳಲಿಲ್ಲ. ಬದುಗಳು ಒಡೆದ ಮರುವರ್ಷ, ನಡುವಿನ ಹೊಲದ ರೈತರೊಬ್ಬರು ಏಳು ಮನೆಗಳಿಗೂ ತಾವೇ ನಡೆದು ಹೋದರು. ಅವರು ಪಂಚಾಯತಿಯ ಸದಸ್ಯರಲ್ಲ, ಹಣವಂತರೂ ಅಲ್ಲ. ಮೊದಲು ತಮ್ಮ ಹೊಲದ ಬದುವನ್ನು ಸರಿಪಡಿಸಿ, ಆಮೇಲೆ ಬಾಯಿ ತೆರೆದರು. ಯುಗಾದಿಯಾದ ಮೇಲೆ ಮೊದಲ ಮಳೆಗೆ ಮುಂಚೆ ಒಂದು ದಿನ ಏಳು ಮನೆಯವರೂ ಗುದ್ದಲಿ, ಸನಿಕೆ, ಮಂಕರಿಗಳೊಡನೆ ಮೇಲಿನ ಹೊಲದಿಂದ ಕೆಳಗಿನ ಹೊಲದವರೆಗೆ ನಡೆದು 'ಬದು ನೋಡಬೇಕು' ಎಂದು ಗೊತ್ತುಮಾಡಿದರು. ಬರಲಾಗದವರು ಆಳಿನ ಕೂಲಿಯನ್ನು ಕಳುಹಿಸಬೇಕು. ವಾರಕ್ಕೆ ಮಾಡುವವನನ್ನು ವರ್ಷವರ್ಷಕ್ಕೂ ಬದಲಾಯಿಸಬಾರದು. ನಾಳೆ ಬಿಟ್ಟುಹೋಗಬೇಕಾದವನು ಇಂದು ಬದುವನ್ನು ಏಕೆ ಕಟ್ಟುವನು? ಈ ಕೊನೆಯ ಮಾತು ನಮ್ಮ ತಂದೆಯವರಿಗೇ ಹೇಳಿದುದು. ಅವರು ಒಪ್ಪಿದರು. ಆ ದಿನದ ನಡಿಗೆಯನ್ನು ಎಲ್ಲಿಂದ ತೊಡಗಬೇಕೆಂಬ ಮಾತು ಬಂದಾಗ, ಕೆಳಗಿನ ಹೊಲದ ಆ ಹೆಂಗಸೇ ಮುಂದಾಗಿ ಮೇಲಕ್ಕೆ ಹತ್ತಿದಳು. ಎಲ್ಲಿ ಮಣ್ಣು ಸಡಿಲವಾಗಿದೆಯೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಆಕೆಯೇ ಆಗಿದ್ದಳು.

ವಿದ್ಯಾರ್ಥಿಮಿತ್ರರೇ, ಈಗ ನಮ್ಮ ಮಾತಿಗೆ ಬರೋಣ. ಈ ನಗರದ ಕನ್ನಡ ಕುಟುಂಬಗಳಲ್ಲಿ ಅನೇಕರಿಗೆ ಊರಿನಲ್ಲಿ ಎರಡೆಕರೆಯೋ ನಾಲ್ಕೆಕರೆಯೋ ಉಳಿದಿದೆ. ಕೆಲವರದು ವಾರಕ್ಕೆ ಕೊಟ್ಟಿದೆ, ಕೆಲವರದು ಬೀಳುಬಿದ್ದಿದೆ. ಆಸ್ತಿಯಿದೆಯೆಂದು ನಾವು ಹೆಮ್ಮೆಪಡುತ್ತೇವೆ. ಅದರ ಬೆಲೆಯೇರಿತೇ ಎಂದು ವಿಚಾರಿಸುತ್ತೇವೆ. ಬದು ನೆಟ್ಟಗಿದೆಯೇ ಎಂದು ಕೇಳುವುದಿಲ್ಲ. ಊರಿನಲ್ಲಿ ಇರುವವರು ಎಷ್ಟು ಶ್ರಮಪಟ್ಟರೂ, ಊರು ಬಿಟ್ಟು ಬಂದವರ ಹೊಲವೇ ಇಳಿಜಾರಿನ ದುರ್ಬಲವಾದ ಕೊಂಡಿಯಾಗಬಹುದು. ನೀವು ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಜ್ಜನನ್ನೋ ದೊಡ್ಡಪ್ಪನನ್ನೋ ಕರೆದುಕೊಂಡು ಹೊಲದ ಸುತ್ತ ಒಮ್ಮೆ ನಡೆಯಿರಿ. ನಮ್ಮ ನೀರು ಯಾರ ಹೊಲಕ್ಕೆ ಇಳಿಯುತ್ತದೆ, ಯಾರ ನೀರು ನಮ್ಮ ಹೊಲಕ್ಕೆ ಬರುತ್ತದೆ ಎಂದು ಕೇಳಿರಿ. ಉತ್ತುವವನ ಹೆಸರನ್ನು ತಿಳಿದುಕೊಳ್ಳಿರಿ. ಊರಿನಲ್ಲಿ ಹೊಲವಿಲ್ಲದವರು ತಮ್ಮ ಬೀದಿಯ ಮಳೆಯ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಗಮನಿಸಿರಿ. ಡಿಸೆಂಬರ್ ೫ನ್ನು ವಿಶ್ವ ಮಣ್ಣಿನ ದಿನವೆಂದು ಆಚರಿಸುತ್ತಾರೆ. ಅಂದು ಭಾಷಣ ಮಾಡುವುದಕ್ಕಿಂತ ಈ ಪ್ರಶ್ನೆಗಳಿಗೆ ಉತ್ತರವನ್ನು ಬರೆದು ತಂದರೆ ಹೆಚ್ಚು ಪ್ರಯೋಜನವಾದೀತು.

ಮುಂದೆ ನಿಮ್ಮಲ್ಲಿ ಕೆಲವರು ಅಧಿಕಾರಿಗಳಾಗುವಿರಿ, ಇಂಜಿನಿಯರುಗಳಾಗುವಿರಿ. ಅನೇಕರು ಊರಿನಿಂದ ದೂರವಿರುವ ಭೂಮಾಲೀಕರಾಗುವಿರಿ. ಆಗ ನೀವು ಆಜ್ಞೆ ಮಾಡುವುದಕ್ಕೆ ಮೊದಲು ಕೇಳಬಲ್ಲವರಾಗಿರಿ. ಇತರರ ಹೊಲವನ್ನು ತಿದ್ದುವುದಕ್ಕೆ ಮೊದಲು ನಿಮ್ಮ ಹೊಲವನ್ನು ತಿದ್ದಿರಿ. ಕೆಳಗಿನ ಹೊಲದವರ ಮಾತಿಗೆ ಮೊದಲು ಕಿವಿಗೊಡಿರಿ. ಮಣ್ಣನ್ನು ಕಾಯುವ ಮುಂದಾಳಿಗೆ ಬೇಕಾದ ಯೋಗ್ಯತೆ ಇಷ್ಟೇ. ಮೂವತ್ತು ವರ್ಷಗಳ ಹಿಂದೆ ಆ ಹೆಂಗಸು ಕೇಳಿದ ಪ್ರಶ್ನೆಗೆ ನಮ್ಮ ತಂದೆಯವರಲ್ಲಿ ಉತ್ತರವಿರಲಿಲ್ಲ. ನಿಮ್ಮನ್ನು ಯಾರಾದರೂ ಅದೇ ಪ್ರಶ್ನೆಯನ್ನು ಕೇಳಿದಾಗ, “ನಮ್ಮ ಬದುವನ್ನು ನಾವು ಕಟ್ಟಿದ್ದೇವೆ, ಬಂದು ನೋಡಿರಿ” ಎಂದು ಹೇಳುವಂತಾಗಲಿ.